ರೈಸಿನಾ ಗುಡ್ಡದಲ್ಲಿ ಒಂದು ಕೂ

ದೆಹಲಿಗೆ ಜನರನ್ನು ಕರೆದುಕೊಂಡು ಹೋಗುವವರೆಲ್ಲ ತೋರಿಸುವುದು ಒಂದೇ. ಇಂಡಿಯಾ ಗೇಟು, ಕೆಂಪು ಕೋಟೆ, ಕುತುಬ್ ಮಿನಾರು, ಆಮೇಲೆ ಕಂಬಳಿ ಅಂಗಡಿ. ಪಾರ್ಲಿಮೆಂಟು ಬಂದಾಗ "ಎಡಗಡೆ ನೋಡಿ, ಪಾರ್ಲಿಮೆಂಟು" ಎಂದು ಮೈಕಿನಲ್ಲಿ ಹೇಳುತ್ತಾರೆ. ಜನ ಕನ್ನಡಕ ಹುಡುಕಿ ಎಡಗಡೆ ತಿರುಗುವಷ್ಟರಲ್ಲಿ ಅದು ಹಿಂದೆ ಹೋಗಿ, ಯಾವುದೋ ಬ್ಯಾಂಕಿನ ಗೋಡೆ ಕಾಣುತ್ತಿರುತ್ತದೆ. ಪುತ್ತೂರಿನ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ತಂಡ ಕರೆದೊಯ್ಯುವ ಕೆಲಸ ನನ್ನದು. ಮೈಕಿನಲ್ಲಿ ಹೀಗೆ ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು.

ಹಾಗಾಗಿ ಹಠ ಹಿಡಿದು ಒಂದು ಅರ್ಧ ದಿನದ ನಡಿಗೆಯನ್ನು ಸೇರಿಸಿದೆ. ಪಾರ್ಲಿಮೆಂಟಿನ ಆಸುಪಾಸಿನಲ್ಲಿ ಯಾರೂ ನಿಂತು ನೋಡದ ಸಂಗತಿಗಳನ್ನು ನಡೆದುಕೊಂಡು ನೋಡುವುದು. ಸಂಸ್ಥೆಯ ಯಜಮಾನರು ಒಪ್ಪಲಿಲ್ಲ. "ನಮ್ಮಲ್ಲಿ ಬರುದು ಎಲ್ಲ ಗಂಟು ನೋವಿನವರು ಮಾರಾಯ್ರೆ. ನಡೆಸಿದ್ರೆ ಇನ್ನೊಂದು ಸಲ ಬರುದಿಲ್ಲ" ಎಂದರು. "ನಡೆಸದಿದ್ದರೆ ನಾನು ಬರುದಿಲ್ಲ" ಎಂದೆ. ನನ್ನ ಬಾಯಿ ಗೊತ್ತಿದ್ದುದರಿಂದ ಸುಮ್ಮನಾದರು.

ಹೊರಡುವ ಮೊದಲು ಸುಳ್ಯದ ಒಂದು ಹೋಟೆಲಿನ ಮಹಡಿಯಲ್ಲಿ ಪ್ರಯಾಣಿಕರನ್ನೆಲ್ಲ ಸೇರಿಸಿ ವಿವರ ಹೇಳುವುದು ನಮ್ಮ ಪದ್ಧತಿ. ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆಯವರು ಬಂದಿದ್ದರು. ಹೆಚ್ಚಿನವರು ಅರುವತ್ತು ದಾಟಿದವರು. ಗುಮ್ಮಟದ ಬಗ್ಗೆ, ಕಲ್ಲಿನ ಗಂಟೆಗಳ ಬಗ್ಗೆ ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಕೈಯೆತ್ತಿದರು.

"ಅಲ್ಲಿ ಮಂಗ ಉಂಟಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅದು ನನ್ನ ಪಟ್ಟಿಯಲ್ಲಿಯೇ ಇತ್ತು. "ಬೇಕಾದಷ್ಟು ಉಂಟು. ಮಂತ್ರಿಗಳ ಕಚೇರಿಯ ಮಾಡಿನ ಮೇಲೆಯೇ ಉಂಟು. ಅವನ್ನು ಓಡಿಸ್ಲಿಕ್ಕೆ ಒಬ್ಬ ಜನ ಇಟ್ಟಿದ್ದಾರೆ. ಅವನ ಹತ್ರ ಕೋಲೂ ಇಲ್ಲ, ಗರ್ನಾಲು ಪಟಾಕಿಯೂ ಇಲ್ಲ. ಬಾಯಲ್ಲೇ ಕಪ್ಪು ಮೋರೆಯ ಮುಸುವದ ಹಾಗೆ ಕೂಗುದು. ಮಂಗಗಳು ಓಡ್ತವೆ."

ಕೈಯೆತ್ತಿದವರು ಎದ್ದೇ ನಿಂತರು. ಕೊಲ್ಲಮೊಗ್ರಿನಲ್ಲಿ ಕಾಡಿನ ಅಂಚಿಗೆ ಕೃಷಿ ಮಾಡುವವರು. ಅವರ ತೆಂಗಿನಲ್ಲಿ ಎಳನೀರು ಉಳಿಯುವುದಿಲ್ಲ, ಕೊಕ್ಕೋ ಕಾಯಿ ಹಣ್ಣಾಗುವುದಿಲ್ಲ, ಎಲ್ಲ ಮಂಗಗಳ ಪಾಲು. ಗರ್ನಾಲಿಗೆ ಮಂಗಗಳು ಹೆದರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. "ನಾನು ಬರ್ತೇನೆ" ಎಂದರು. "ಪಾರ್ಲಿಮೆಂಟು ಟೀವಿಯಲ್ಲಿ ಕಾಣ್ತದೆ. ಆ ಜನ ಟೀವಿಯಲ್ಲಿ ಬರುದಿಲ್ಲ."

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಂಬಂಧ ಇಲ್ಲದಿದ್ದರೂ ಹಿರಿಯರನ್ನು ಮಾವ, ಅತ್ತೆ ಎನ್ನುವುದು ನಮ್ಮ ಮನೆಯ ರೂಢಿ. ಆ ದಿನದಿಂದ ಅವರಿಬ್ಬರು ನನಗೆ ಮಾವ ಮತ್ತು ಅತ್ತೆ ಆದರು.

ಮಾವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸ್ವಲ್ಪ ಮೊದಲು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು. ತಡವಾದರೆ ರಕ್ತದ ಸಕ್ಕರೆ ಇಳಿದು ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಮಂಕು, ಕೊನೆಗೆ ಪ್ರಜ್ಞೆಯೇ ಹೋಗಬಹುದು. ಇಂಥವರು ನನ್ನ ತಂಡಗಳಲ್ಲಿ ಹೊಸಬರಲ್ಲ. ಬಸ್ಸು ಊಟದ ಜಾಗಕ್ಕೆ ಹೊರಡುವ ಹೊತ್ತಿಗೆ ನಾನು ಗಟ್ಟಿಯಾಗಿ ಕೂಗುತ್ತೇನೆ, "ಮಾತ್ರೆಯವರು ಮಾತ್ರೆ, ಇಂಜೆಕ್ಷನಿನವರು ಇಂಜೆಕ್ಷನ್!" ಆ ಕೂಗು ಕೇಳಿದ ಮೇಲೆಯೇ ಚೀಲಗಳ ಜಿಪ್ಪು ತೆರೆಯಬೇಕು ಎನ್ನುವುದು ನನ್ನ ಕಟ್ಟುನಿಟ್ಟು.

ಇನ್ನೊಂದು ನಿಯಮ ಜೋಡಿಯದು. ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೋಡಿ. ನಾನು ಹೆಸರು ಕರೆಯುವುದಿಲ್ಲ, "ಜೋಡಿ ಉಂಟಾ?" ಎಂದು ಕೇಳುತ್ತೇನೆ. ತನ್ನ ಜೋಡಿಯನ್ನು ಕಣ್ಣಾರೆ ನೋಡಿ "ಉಂಟು" ಎನ್ನಬೇಕು. ಮೂರನೆಯದು ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲುವುದು. ಹುಡುಕಿಕೊಂಡು ಬರುವ ಕೆಲಸ ನನ್ನದು, ನಿಲ್ಲುವ ಕೆಲಸ ನಿಮ್ಮದು ಎಂದು ಸುಳ್ಯದಲ್ಲೂ ಹೇಳಿದ್ದೆ, ದೆಹಲಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗಲೂ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಮಾವನೂ ಆಡಿಸಿದ್ದರು.

ನಡಿಗೆ ಶುರುವಾದದ್ದು ಪಾರ್ಲಿಮೆಂಟಿನ ಹತ್ತಿರದ ಗುರುದ್ವಾರದಿಂದ. ರಸ್ತೆಯ ಈಚೆ ದೇಶದ ಕಾನೂನು ಮಾಡುವ ಮನೆ, ಆಚೆ ಬೆಳ್ಳಗಿನ ಗುಮ್ಮಟದ ಕೆಳಗೆ ಯಾರು ಬಂದರೂ ಊಟ. ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆವು. ತುಪ್ಪ ಒಸರುವ ಬಿಸಿ ಬಿಸಿ ಗೋಧಿ ಹಲ್ವ ಪ್ರಸಾದ ಎರಡೂ ಕೈಗೆ ಬಿತ್ತು. ಮಾವ ಅದನ್ನು ಆಸೆಯಿಂದ ನೋಡುತ್ತಿದ್ದಾಗಲೇ ಅತ್ತೆ ಕಿತ್ತುಕೊಂಡರು. "ಇದು ನಿಮಗೆ ಅಲ್ಲ" ಎಂದು ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿದರು. "ದೇವರ ಪ್ರಸಾದ ಮಾರಾಯ್ತಿ" ಎಂದರು ಮಾವ. "ದೇವರಿಗೆ ಶುಗರ್ ಇಲ್ಲ" ಎಂದರು ಅತ್ತೆ.

ಅಲ್ಲಿಂದ ಸುತ್ತಿ ಬಂದು ವಿಜಯ್ ಚೌಕದಿಂದ ರೈಸಿನಾ ಗುಡ್ಡದ ಏರು ಹತ್ತಿದೆವು. ಗುಡ್ಡ ಎಂದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ನಮ್ಮಲ್ಲಿ ಅಂಗಳದಿಂದ ಬಾವಿಗೆ ಹೋಗುವ ದಾರಿಯೇ ಅದಕ್ಕಿಂತ ಕಡಿದು. ಆದರೂ ಆ ಏರಿನಲ್ಲಿ ಒಂದು ಚೋದ್ಯವಿದೆ. ದೂರದಿಂದ ಎದುರಿಗೇ ಕಾಣುವ ರಾಷ್ಟ್ರಪತಿ ಭವನದ ಗುಮ್ಮಟ, ನಾವು ಹತ್ತಿರವಾಗುತ್ತಾ ಹೋದ ಹಾಗೆ ಕೆಳಗೆ ಇಳಿಯುತ್ತದೆ. ಏರಿನ ಮಧ್ಯದಲ್ಲಿ ನಿಂತರೆ ಬರೀ ಅದರ ನೆತ್ತಿ. ಪೂರ್ತಿ ಮೇಲೆ ಹೋದ ಮೇಲೆಯೇ ಮತ್ತೆ ಎದ್ದು ಬರುತ್ತದೆ. ಎಲ್ಲರನ್ನೂ ಹಿಂದಕ್ಕೂ ಮುಂದಕ್ಕೂ ನಡೆಸಿ ತೋರಿಸಿದೆ. ಕಡಬದಿಂದ ಬಂದಿದ್ದ ರಬ್ಬರ್ ತೋಟದ ಚೇಟ ಮಕ್ಕಳ ಹಾಗೆ ಕುಳಿತು ಎದ್ದು ಪರೀಕ್ಷೆ ಮಾಡಿದರು. ಹಿರಿಯರ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ ಅವರದು, ಹಾಗಾಗಿ ಎಲ್ಲರಿಗೂ ಅವರು ಚೇಟ, ಎಂದರೆ ಮಲಯಾಳದಲ್ಲಿ ಅಣ್ಣ. ಸೈನ್ಯದಲ್ಲಿದ್ದು ಉತ್ತರದಲ್ಲೆಲ್ಲ ತಿರುಗಿದ್ದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು.

ಮೇಲೆ ಎರಡು ಬದಿಗೂ ಕೆಂಪು ಕಲ್ಲಿನ ಸರಕಾರಿ ಕಟ್ಟಡಗಳು. ಅವುಗಳ ಎದುರು ನಾಲ್ಕು ಕಂಬಗಳಿವೆ, ತುದಿಯಲ್ಲಿ ಒಂದೊಂದು ಕಂಚಿನ ಹಡಗು. ಸಮುದ್ರವೇ ಇಲ್ಲದ ಊರಿನಲ್ಲಿ ಹಡಗು ಯಾಕೆಂದರೆ, ಆಗಿನ ಬ್ರಿಟಿಷ್ ಸಾಮ್ರಾಜ್ಯದ ನಾಲ್ಕು ದೂರದ ದೇಶಗಳು ಕೊಟ್ಟ ಉಡುಗೊರೆ ಅವು. ದಿನಾ ಸಾವಿರ ಜನ ಅದರ ಬುಡದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಕತ್ತು ಎತ್ತಿ ಹಡಗು ನೋಡುವವರು ಇಲ್ಲ. ಇನ್ನು ಕಟ್ಟಡದ ಕಂಬಗಳ ತಲೆಯಲ್ಲಿ ಮೂಲೆಗೊಂದು ಕಲ್ಲಿನ ಗಂಟೆ. ಗಂಟೆ ಬಾರಿಸಿದರೆ ರಾಜ್ಯಕ್ಕೆ ಕೇಡು ಎಂಬ ನಂಬಿಕೆ ಇತ್ತಂತೆ, ಹಾಗಾಗಿ ಬಾರಿಸಲಾಗದ ಗಂಟೆಯನ್ನೇ ಕೆತ್ತಿಸಿದರಂತೆ. ಗಂಟೆ ಸುಮ್ಮನಿದ್ದರೂ ಅವರು ಹೋಗಬೇಕಾಯಿತು ಎಂದು ನಾನು ಮುಗಿಸುವುದು, ಜನ ನಗುವುದು.

ಮಾವ ನಗಲಿಲ್ಲ. ಅವರ ಕಣ್ಣು ಮಾಡಿನ ಮೇಲೆಯೇ ಇತ್ತು. ಅಲ್ಲಿ ಮಂಗಗಳು ಸಾಲಾಗಿ ಕೂತು ಹೇನು ಹೆಕ್ಕುತ್ತಿದ್ದವು. "ಜನ ಎಲ್ಲಿ?" ಎಂದು ಮೂರು ಸಲ ಕೇಳಿದರು. "ಬರ್ತಾನೆ ಮಾವ, ಸುತ್ತು ಹಾಕ್ತಾ ಇರ್ತಾನೆ" ಎಂದೆ.

ಊಟಕ್ಕೆ ಹೋಗುವ ಹೊತ್ತಾಯಿತು. ಅಲ್ಲಿ ಬಸ್ಸು ನಿಲ್ಲಿಸಲು ಬಿಡುವುದಿಲ್ಲ. ನಾನು ಫೋನು ಮಾಡಿದರೆ ಚಾಲಕ ಬಂದು ಬದಿಯ ರಸ್ತೆಯಲ್ಲಿ ಹತ್ತಿಸಿಕೊಂಡು ಹೊರಡಬೇಕು. ಊಟದ ಜಾಗ ತೀರಾ ಹತ್ತಿರ. "ಹೊರಟೆ, ತಿರುವಿನಲ್ಲಿದ್ದೇನೆ" ಎಂದ ಚಾಲಕ. ನಾನು ಎಂದಿನಂತೆ ಕೂಗಿದೆ. ಗೋಡೆಯ ನೆರಳಿಗೆ ಸರಿದು ಮಾವ ಅಂಗಿ ಎತ್ತಿದರು, ಅತ್ತೆ ಸಿರಿಂಜು ಕೊಟ್ಟರು.

ಬಸ್ಸು ಬರಲಿಲ್ಲ. ಯಾರೋ ದೊಡ್ಡವರ ಗಾಡಿಗಳು ಹೋಗುವುದಿದೆ ಎಂದು ಪೊಲೀಸರು ತಿರುವಿನಲ್ಲೇ ಎಲ್ಲ ವಾಹನಗಳನ್ನು ತಡೆದಿದ್ದರು. ಹೀಗಾಗುವುದು ಅಲ್ಲಿ ಹೊಸದಲ್ಲ, ಬೇಗ ಬಿಡುತ್ತಾರೆ. ಈ ಸಲ ಬಿಡಲಿಲ್ಲ. ನಮ್ಮನ್ನು ಗೋಡೆಯ ಬದಿಗೆ ಒತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಕಟ್ಟಡದ ಆ ತುದಿಯಿಂದ ಒಂದು ಕೂಗು ಬಂತು. ಗಂಟಲಿನ ಆಳದಿಂದ ಹೊರಟ, ಮೈ ಜುಮ್ಮೆನ್ನಿಸುವ ಮುಸುವದ ಕೂಗು. ಮಾಡಿನ ಮೇಲಿನ ಮಂಗಗಳು ದಡಬಡ ಓಡಿದವು. ನಮ್ಮವರು ಚಪ್ಪಾಳೆ ತಟ್ಟಿದರು.

ನಾನು ಚಾಲಕನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಮುಗಿಸಿ "ಜೋಡಿ ಉಂಟಾ?" ಎಂದೆ. ಎಲ್ಲರೂ "ಉಂಟು" ಎಂದರು. ಅತ್ತೆಯೂ ಉಂಟು ಎಂದರು. ಆಗ ಮಾವ ನಿಜವಾಗಿಯೂ ಇದ್ದರು, ಗೋಡೆಯ ತುದಿಯಲ್ಲಿ ಅತ್ತೆಯ ಕಣ್ಣಿಗೆ ಕಾಣುವಂತೆ. ಗಾಡಿಗಳು ಸೈರನ್ ಹಾಕಿಕೊಂಡು ಹೋದವು, ಎಲ್ಲರೂ ಆ ಕಡೆ ನೋಡಿದರು. ಮತ್ತೆ ಈಚೆ ತಿರುಗಿದಾಗ ಗೋಡೆಯ ತುದಿ ಖಾಲಿ.

ಫೋನು ಮಾಡಿದೆ. ಅತ್ತೆಯ ಚೀಲದಲ್ಲಿ ರಿಂಗಾಯಿತು.

ಸುತ್ತಮುತ್ತ ಹುಡುಕುವುದರಲ್ಲೇ ಹೊತ್ತು ಹೋಯಿತು, ಕೊನೆಗೆ ಕಟ್ಟಡದ ತುದಿಯವರೆಗೆ ಓಡಿದೆ. ಮಂಗ ಓಡಿಸುವವನು ಒಂದು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ಹಿಂದೆಯೇ ಬಂದ ಚೇಟ ವಿಚಾರಿಸಿದರು. ಹೌದು, ಒಬ್ಬ ಮುದುಕರು ಬಂದಿದ್ದರು. ಭಾಷೆ ಬರಲಿಲ್ಲ, ಆದರೂ ಕೈಸನ್ನೆಯಲ್ಲೇ ಕಲಿಸು ಎಂದರು, ಕಲಿಸಿದೆ, ಕೂಗಿ ಕೂಡ ನೋಡಿದರು, ಚೆನ್ನಾಗಿ ಕೂಗಿದರು ಎಂದ. ಅಲ್ಲಿಂದ ಇನ್ನೊಂದು ಬದಿಗೆ ಮಂಗ ಬಂದಾಗ ತಾನು ಓಡಿದೆ, ಅವರೂ ಹಿಂದೆ ಬಂದರು, ಆಮೇಲೆ ಕಾಣಲಿಲ್ಲ ಎಂದ. ಎಲ್ಲಿಗೆ ಹೋಗಿರಬಹುದು ಎಂದರೆ ಕಟ್ಟಡದ ಹಿಂದಿನ ರಸ್ತೆಯ ಕಡೆ ಕೈ ಬೀಸಿದ.

ಆ ರಸ್ತೆಯಲ್ಲಿ ಹುಡುಕಿದೆವು. ಎಲ್ಲ ಗೇಟುಗಳೂ ಒಂದೇ ಥರ, ಎಲ್ಲ ಗೋಡೆಗಳೂ ಒಂದೇ ಬಣ್ಣ. ಒಂದು ಚರ್ಚಿನ ಎದುರಿನ ಕಾವಲುಗಾರ ಯಾರನ್ನೂ ನೋಡಿಲ್ಲ ಎಂದ. ಮನಸ್ಸಿನಲ್ಲಿ ಇದ್ದದ್ದು ಒಂದೇ: ಚುಚ್ಚಿಕೊಂಡು ಆಗಿದೆ, ಊಟ ಆಗಿಲ್ಲ. ಮಾವ ದಾರಿ ತಪ್ಪಿದ್ದಕ್ಕೆ ನನಗೆ ಹೆದರಿಕೆ ಇರಲಿಲ್ಲ. ದೆಹಲಿಯಲ್ಲಿ ದಾರಿ ತಪ್ಪಿದವರು ಸಂಜೆಗಾದರೂ ಸಿಗುತ್ತಾರೆ. ಸಂಜೆಯವರೆಗೆ ಸಮಯ ಇವರಿಗೆ ಇರಲಿಲ್ಲ.

ಮೇಲಿನ ಪೊಲೀಸ್ ಚೌಕಿಗೆ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯವರು, ನನ್ನ ಮಾತು ಮುಗಿಯುವ ಮೊದಲೇ ವೈರ್‌ಲೆಸ್ ಎತ್ತಿದರು. ಬಿಳಿ ಅಂಗಿ, ಬಿಳಿ ಪಂಚೆ, ಎತ್ತರ ಇಷ್ಟು, ಕಾಯಿಲೆ ಇಂಥದು ಎಂದು ಎಲ್ಲ ಕಡೆಗೆ ಹೇಳಿದರು. ಕ್ಯಾಮೆರಾಗಳಲ್ಲಿ ನೋಡಿಸುತ್ತೇನೆ ಎಂದರು. ಅತ್ತೆಯ ಫೋನಿನಿಂದ ಮಾವನ ಫೋಟೊ ಕಳಿಸಿದೆ. ಮೊಮ್ಮಗಳ ಮದುವೆಯದು, ಪೇಟ ಕಟ್ಟಿಕೊಂಡಿದ್ದರು, ಅವರ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. "ನೀವು ಇಲ್ಲೇ ಕೂತಿರಿ. ಸಿಕ್ಕಿದರೆ ಇಲ್ಲಿಗೇ ತರುತ್ತಾರೆ. ಹುಡುಕುವವರೂ ಕಳೆದುಹೋದರೆ ನಮಗೆ ಎರಡು ಕೆಲಸ" ಎಂದರು ಅಧಿಕಾರಿ. ನಾನು ದಿನಾ ಹೇಳುವ ಮಾತನ್ನೇ ಅವರು ನನಗೆ ಹೇಳಿದ್ದರು.

ಉಳಿದ ಪ್ರಯಾಣಿಕರನ್ನು ಚೇಟನ ಜೊತೆ ಊಟಕ್ಕೆ ಕಳಿಸಿದೆ. ಬಸ್ಸು ಕೊನೆಗೂ ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋದ ಮೇಲೆ ತಲೆಗೆ ಹೊಳೆಯಿತು, ಗ್ಲೂಕೋಸಿನ ಪೊಟ್ಟಣ ಇದ್ದ ನನ್ನ ಔಷಧಿ ಪೆಟ್ಟಿಗೆ ಬಸ್ಸಿನಲ್ಲಿಯೇ ಹೋಗಿತ್ತು. ನನಗೆ ನನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬಂತು.

ಅತ್ತೆ ಚೌಕಿಯ ಬೆಂಚಿನಲ್ಲಿ ಕೂತಿದ್ದರು. ಅಳಲಿಲ್ಲ. ಎದ್ದು ನಿಂತರು, ಮತ್ತೆ ಕೂತರು, ಮತ್ತೆ ಎದ್ದರು.

"ಇಲ್ಲಿ ಕೂತು ಎಂತ ಮಾಡುದು ಮಗಳೇ?"

"ನಿಂತಲ್ಲೇ ನಿಂತಿದ್ದರೆ ಪೊಲೀಸರಿಗೆ ಸಿಗ್ತಾರೆ ಅತ್ತೆ. ನಾನು ಬೆಳಿಗ್ಗೆ ಹೇಳಿದ್ದೇನಲ್ಲ."

"ನೀನು ಹೇಳಿದ್ದಿ. ಅವರು ನಿಲ್ಲುದಿಲ್ಲ."

"ಯಾಕೆ ನಿಲ್ಲುದಿಲ್ಲ?" ಎಂದು ನಾನು ರೇಗಿದೆ. ರೇಗಬಾರದಿತ್ತು, ಆದರೆ ರೇಗಿದೆ.

"ಕಾಡಲ್ಲಿ ದಾರಿ ತಪ್ಪಿದವರು ನಿಂತರೆ ಕತ್ತಲಾಗ್ತದೆ ಅಷ್ಟೆ. ನಿಂತವರನ್ನು ಯಾರು ಹುಡುಕುದು, ಅಷ್ಟು ದೊಡ್ಡ ಕಾಡಲ್ಲಿ? ಇಳಿಬೇಕು. ಇಳಿತಾ ಹೋದರೆ ನೀರು ಸಿಗ್ತದೆ. ನೀರಿನ ಒಟ್ಟಿಗೆ ಹೋದರೆ ಮನೆ ಸಿಗ್ತದೆ. ಹೊತ್ತಾದರೆ ನಾವು ಮನೆಯವರು ಹೊಳೆಯ ಬದಿಗೆ ಬಂದು ಕೂ ಹಾಕುದು. ಅವರು ಅಲ್ಲಿಂದ ಕೂ ಹಾಕುದು. ಮದುವೆಯಾಗಿ ಬಂದ ವರ್ಷದಿಂದ ಹೀಗೆಯೇ. ಅವರಿಗೆ ಬೇರೆ ಗೊತ್ತಿಲ್ಲ."

ನಾನು ಗುಡ್ಡದ ಕೆಳಗೆ ನೋಡಿದೆ. ಬೆಳಿಗ್ಗೆ ನಾವು ನಕ್ಕ ಆ ಗುಡ್ಡ. ಅಷ್ಟು ಸಣ್ಣ ಏರಾದರೂ ಅದಕ್ಕೊಂದು ಇಳಿಜಾರು ಇದೆ. ಇಳಿದರೆ ವಿಜಯ್ ಚೌಕ, ಅಲ್ಲಿ ಎರಡು ಬದಿಗೂ ಕಾರಂಜಿ. ಅದರಿಂದ ಮುಂದೆ ಹುಲ್ಲಿನ ನಡುವೆ, ರಸ್ತೆಯ ಎರಡೂ ಬದಿಗೆ, ಇಂಡಿಯಾ ಗೇಟಿನ ಕಡೆಗೆ ಉದ್ದಕ್ಕೆ ಹೋಗುವ ಕಾಲುವೆಗಳು. ಅದು ನನ್ನ ನಡಿಗೆಯ ಪಟ್ಟಿಯಲ್ಲಿರಲಿಲ್ಲ. ನೀರು ನೋಡಲು ನಮ್ಮೂರಿನವರನ್ನು ದೆಹಲಿಗೆ ಕರೆತರಬೇಕೇ ಎಂದು ಬಿಟ್ಟಿದ್ದೆ.

ಚೌಕಿ ಬಿಟ್ಟು ಹೋಗುವುದೆಂದರೆ ಒಂದು ಅಂದಾಜಿನ ಮೇಲೆ ಎಲ್ಲವನ್ನೂ ಇಟ್ಟ ಹಾಗೆ. ಮಾವನನ್ನು ಇಲ್ಲಿಗೆ ತಂದರೆ ಆ ಹೊತ್ತಿಗೆ ಅತ್ತೆ ಇರುವುದಿಲ್ಲ, ಅವರ ಮಾತು ತಿಳಿಯುವವರು ಯಾರೂ ಇರುವುದಿಲ್ಲ. ಕೆಳಗೆ ಹೋಗಿ ಅವರು ಅಲ್ಲಿಲ್ಲದಿದ್ದರೆ ಇರುವ ಸ್ವಲ್ಪ ಸಮಯವೂ ಹಾಳು. ಅಧಿಕಾರಿ ಬೇಡ ಎಂದರು. ನನ್ನ ನಿಯಮವೂ ಬೇಡ ಎನ್ನುತ್ತಿತ್ತು. ಅತ್ತೆಯ ಮುಖ ನೋಡಿದೆ. ಅವರು ಆಗಲೇ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು. ನನ್ನ ನಂಬರನ್ನು ಅಧಿಕಾರಿಗೆ ಬರೆದುಕೊಟ್ಟು, "ಕೆಳಗೆ ನೀರಿನ ಹತ್ತಿರ ಹೋಗುತ್ತೇವೆ" ಎಂದು ಹೇಳಿ ಅತ್ತೆಯ ಕೈ ಹಿಡಿದುಕೊಂಡೆ.

ನಾನು ಹಿಡಿದುಕೊಂಡದ್ದಷ್ಟೇ, ಎಳೆದುಕೊಂಡು ಹೋದವರು ಅವರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಳಿಗ್ಗೆ ಮೆಟ್ಟಿಲು ಮೆಟ್ಟಿಲಿಗೆ ನಿಲ್ಲುತ್ತಿದ್ದವರು ಈಗ ನನಗೆ ಏದುಸಿರು ಬರಿಸಿದರು. ಕಾರಂಜಿಯ ಬಳಿ ಒಂದಿಷ್ಟು ಶಾಲಾ ಮಕ್ಕಳು ಫೋಟೊ ತೆಗೆಯುತ್ತಿದ್ದರು. ನಾನು ಅಲ್ಲಿ ಸುತ್ತು ಹಾಕಲು ಹೊರಟರೆ ಅತ್ತೆ ಬಿಡಲಿಲ್ಲ. "ಇದು ನೀರಾ? ಮೇಲೆ ಹಾರಿಸಿ ಕೆಳಗೆ ಹಿಡಿಯುದು. ಇದರ ಒಟ್ಟಿಗೆ ಎಲ್ಲಿಗೆ ಹೋಗುದು?" ಎಂದು ಮುಂದೆ ಸಾಗಿದರು.

ಕಾಲುವೆಗಳು ಎರಡು. ಬಲಕ್ಕೋ ಎಡಕ್ಕೋ ಎಂದು ನಾನು ನಿಂತೆ. ಮಂಗ ಓಡಿಸುವವನು ಇದ್ದದ್ದು ಇಳಿಯುವಾಗ ಎಡಕ್ಕೆ ಬರುವ ಕಟ್ಟಡದಲ್ಲಿ. ಅಲ್ಲಿಂದ ಇಳಿದವರು ಅಗಲದ ರಸ್ತೆ ದಾಟಿ ಬಲಕ್ಕೆ ಬರಲಾರರು. ಎಡದ ಕಾಲುವೆಯ ಬದಿಗೆ ತಿರುಗಿದೆವು. ನೇರಳೆ ಮರಗಳ ಸಾಲು, ಕೆಳಗೆ ಹುಲ್ಲು, ಹುಲ್ಲಿನಲ್ಲಿ ಅಲ್ಲಲ್ಲಿ ಮಲಗಿದವರು. ಮಲಗಿದ ಒಬ್ಬೊಬ್ಬ ಬಿಳಿ ಅಂಗಿಯವನನ್ನು ಕಂಡಾಗಲೂ ಓಡಿ ಹೋಗಿ ಮುಖ ನೋಡಿದೆ. ಅವರು ಯಾರೂ ಮಾವ ಆಗಿರಲಿಲ್ಲ. ಮುಂದೆ ನೋಡಿದರೆ ಕಾಲುವೆ ಕಣ್ಣು ಮುಟ್ಟುವವರೆಗೂ ಹೋಗುತ್ತಿತ್ತು.

"ಮಾವಾ!" ಎಂದು ನಾನು ಕೂಗಿದೆ. ಅವರ ಹೆಸರು ಹಿಡಿದು ಕೂಗಲು ಬಾಯಿ ತೆರೆದಾಗ ಅತ್ತೆ ನನ್ನ ತೋಳನ್ನು ಚಿವುಟಿದರು. "ಹೆಸರು ಕರಿಬಾರದು" ಎಂದರು. ಹೊತ್ತು ಮೀರಿದಾಗ ಕಾಡಿನ ಬದಿಯಲ್ಲಿ ಹೆಸರು ಹಿಡಿದು ಕರೆದರೆ ಓಗೊಡುವುದು ಬೇರೆ ಏನೋ ಆಗಿರಬಹುದು ಎಂಬ ಹೆದರಿಕೆ ನಮ್ಮ ಕಡೆ ಇದೆ. ಅತ್ತೆಗೆ ಅದು ಕೊಲ್ಲಮೊಗ್ರಿಗೆ ಮಾತ್ರ ಸೀಮಿತ ಅನ್ನಿಸಲಿಲ್ಲ.

"ಹಾಗಾದರೆ ಕೂ ಹಾಕಿ" ಎಂದೆ.

ಅತ್ತೆ ಸುತ್ತ ನೋಡಿದರು. ಕೋವಿ ಹಿಡಿದ ಪೊಲೀಸರು, ಬಿಳಿ ಕಾರುಗಳು, ಅಷ್ಟು ದೂರದಲ್ಲಿ ಪಾರ್ಲಿಮೆಂಟಿನ ಮಾಡು. "ಇಲ್ಲಿ ಬೊಬ್ಬೆ ಹಾಕ್ಲಿಕ್ಕೆ ಬಿಡ್ತಾರಾ?"

"ಬಿಡುದಿಲ್ಲ. ನೀವು ಹಾಕಿ. ನಾನು ನೋಡಿಕೊಳ್ತೇನೆ."

ಚೀಲವನ್ನು ಕೆಳಗಿಟ್ಟರು. ಕಾಲುವೆಯ ಅಂಚಿಗೆ ಹೋಗಿ, ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂ ಹಾಕಿದರು. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ಸ್ವರ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಮೇಲಕ್ಕೆ ಏರಿ ನಿಲ್ಲುವ ಒಂದು ಉದ್ದದ ಕೂ. ಮಲಗಿದ್ದವರು ಎದ್ದು ಕೂತರು. ರಸ್ತೆಯಲ್ಲಿ ಸೈಕಲ್ ನಿಂತಿತು. ಒಬ್ಬ ಪೊಲೀಸ್ ಸೀಟಿ ಊದಿಕೊಂಡು ನಮ್ಮ ಕಡೆ ಓಡಿ ಬಂದ.

ಉತ್ತರ ಬರಲಿಲ್ಲ.

ಪೊಲೀಸ್ ಬಂದವನೇ ಕೈ ಚಾಚಿ ಅತ್ತೆಯನ್ನು ಹಿಂದಕ್ಕೆ ಸರಿಸಲು ಹೊರಟ. ನಾನು ಅಡ್ಡ ನಿಂತೆ. ನನಗೆ ಬರುವ ಅಷ್ಟೂ ಹಿಂದಿಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಗಂಡ, ಕಾಯಿಲೆ, ಇಂಜೆಕ್ಷನ್, ಊಟ ಇಲ್ಲ, ಸಾಯುತ್ತಾರೆ. ಅತ್ತೆಗೆ ಹಿಂದಿ ಬರುವುದಿಲ್ಲವಲ್ಲ ಎಂಬುದೊಂದೇ ಸಮಾಧಾನ. ಪೊಲೀಸ್ ಬಾಯಿಂದ ಸೀಟಿ ತೆಗೆದ. ಇನ್ನೊಂದು ಸಲ ಎಂಬಂತೆ ಒಂದು ಬೆರಳೆತ್ತಿದ.

ಅತ್ತೆ ಆ ಬೆರಳನ್ನು ನೋಡಲೂ ಇಲ್ಲ. ಸ್ವಲ್ಪ ಮುಂದೆ ನಡೆದು ಮತ್ತೆ ಕೂ ಹಾಕಿದರು. ಈ ಸಲ ಸ್ವರ ಒಡೆಯಿತು.

ಮೊದಲು ಕಾಗೆ ಕೂಗಿತು. ಆಮೇಲೆ ಮರಗಳ ಸಾಲಿನ ಆಚೆಯಿಂದ, ಕಾಲುವೆಗೆ ಅಡ್ಡ ಹಾಕಿದ ಸಣ್ಣ ಸೇತುವೆಯ ಕಡೆಯಿಂದ, ಒಂದು ಕ್ಷೀಣ ಸ್ವರ. ಕೂ ಎಂದು ಶುರುವಾಗಿ ಮಧ್ಯದಲ್ಲೇ ನಿಂತುಹೋಯಿತು. ನನಗೆ ಅದು ಕೇಳಿತೋ, ಕೇಳಿದ ಹಾಗಾಯಿತೋ ಗೊತ್ತಿಲ್ಲ. ಅತ್ತೆ ಆಗಲೇ ಓಡುತ್ತಿದ್ದರು. ಚೀಲವನ್ನು ನಾನು ಎತ್ತಿಕೊಂಡೆ, ಪೊಲೀಸ್ ನಮ್ಮಿಬ್ಬರಿಗಿಂತ ಮುಂದೆ ಓಡಿದ.

ಸೇತುವೆಯ ಬುಡದಲ್ಲಿ, ಕಾಲುವೆಯ ಕಲ್ಲಿನ ಅಂಚಿನಲ್ಲಿ ಮಾವ ಕೂತಿದ್ದರು. ಅಂಗಿ ಬೆವರಿನಲ್ಲಿ ಪೂರ್ತಿ ಒದ್ದೆ. ಕೈಗಳು ನಡುಗುತ್ತಿದ್ದವು. ನಮ್ಮನ್ನು ನೋಡಿದರು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ. ಅವರ ದೃಷ್ಟಿ ಮತ್ತೆ ನೀರಿಗೆ ಹೋಯಿತು. ಹಸಿರುಗಟ್ಟಿದ ನೀರಿನ ಮೇಲೆ ನೇರಳೆ ಎಲೆಗಳು ಇದ್ದಲ್ಲೇ ಇದ್ದವು.

"ಇದು ಯಾವ ಕಡೆಗೆ ಹೋಗ್ತದೆ ಮಾರಾಯ್ತಿ?" ಎಂದರು. ನಾಲಿಗೆ ತೊದಲುತ್ತಿತ್ತು. "ಎಲೆ ಹಾಕಿ ನೋಡಿದೆ. ಆ ಕಡೆಗೂ ಹೋಗುದಿಲ್ಲ, ಈ ಕಡೆಗೂ ಹೋಗುದಿಲ್ಲ."

ಇಳಿದು ನೀರಿನ ಬದಿಗೆ ಬಂದಿದ್ದರು. ನೀರಿನ ಜೊತೆ ಹೋಗಬೇಕೆಂದರೆ ನೀರೇ ಹೋಗುತ್ತಿರಲಿಲ್ಲ. ಸ್ವಲ್ಪ ದೂರ ಮುಂದೆ, ಸ್ವಲ್ಪ ದೂರ ಹಿಂದೆ ನಡೆದು, ಕಾಲು ಸೋತು, ಕೂತುಬಿಟ್ಟಿದ್ದರು.

"ಸಕ್ಕರೆ ಬೇಕು" ಎಂದೆ ಪೊಲೀಸಿಗೆ. ಅವನು ಜೇಬು ತಡಕಿ ತಲೆಯಾಡಿಸಿ, ರಸ್ತೆಯ ಕಡೆಗೆ ಓಡಿದ. ಅವನು ಎಲ್ಲಿಂದ ತರಬೇಕು, ಎಷ್ಟು ಹೊತ್ತು? ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಅದನ್ನು ಹುಲ್ಲಿನ ಮೇಲೆ ಬೋರಲು ಸುರಿದರು. ಸಿರಿಂಜಿನ ಪೆಟ್ಟಿಗೆ, ಶಾಲು, ಬಾಚಣಿಗೆ, ಕೊನೆಗೆ ತುಪ್ಪ ಹೀರಿ ಎಣ್ಣೆಯಾದ ಕಾಗದದ ಪೊಟ್ಟಣ.

"ನುಂಗಲು ಆಗ್ತದಾ ಮಾವ? ಬಾಯಿ ತೆರೀರಿ" ಎಂದೆ. ತೆರೆದರು. ಅತ್ತೆ ಹಲ್ವವನ್ನು ಕಡಲೆಯಷ್ಟು ಮುರಿದು ನಾಲಿಗೆಯ ಮೇಲಿಟ್ಟರು. ಕಾದರು. ಗಂಟಲು ಅಲ್ಲಾಡಿತು. ಇನ್ನೊಂದು ಚೂರು. ಬೆಳಿಗ್ಗೆ ಕೈಯಿಂದ ಕಿತ್ತುಕೊಂಡದ್ದನ್ನು ಈಗ ಚೂರು ಚೂರಾಗಿ ಬಾಯಿಗಿಡುತ್ತಿದ್ದರು. ನಾನು ಮಾವನ ಕೈನಾಡಿ ಹಿಡಿದುಕೊಂಡು, ಬೇರೇನೂ ತೋಚದೆ ದೇವರನ್ನೆಲ್ಲ ನೆನೆದೆ. ಪೊಲೀಸ್ ಎಲ್ಲಿಂದಲೋ ಒಂದು ಬಾಟಲಿ ಹಣ್ಣಿನ ರಸ ತಂದ. ಗುಟುಕು ಗುಟುಕಾಗಿ ಕುಡಿಸಿದೆವು.

ನಡುಕ ನಿಲ್ಲಲು ತುಂಬಾ ಹೊತ್ತು ಹಿಡಿಯಿತು, ಅಥವಾ ನನಗೆ ಹಾಗನ್ನಿಸಿತು. ಮಾವನ ಕಣ್ಣಿಗೆ ಮೆಲ್ಲನೆ ಮನುಷ್ಯರು ಕಾಣಲು ಶುರುವಾಯಿತು. ನನ್ನನ್ನು ನೋಡಿದರು. ಪೊಲೀಸನನ್ನು ನೋಡಿ ಕೈ ಮುಗಿದರು. ಆಮೇಲೆ ತುಟಿಗೆ ಅಂಟಿದ್ದ ತುಪ್ಪವನ್ನು ನೆಕ್ಕಿ, "ಒಳ್ಳೆದುಂಟು" ಎಂದರು. ನಾನು ಹುಲ್ಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಯಾಕೆಂದು ಪೊಲೀಸಿಗೆ ಅರ್ಥವಾಗಲಿಲ್ಲ, ಸಿಕ್ಕಿದರಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ನೋಡಿ, ಊಟ ಮಾಡಿಸಿ, ಸ್ವಲ್ಪ ಹೊತ್ತು ಮಲಗಿಸಿ ಕಳಿಸಿದರು. ಸಂಜೆ ಬಸ್ಸು ಹತ್ತಿದಾಗ ಎಲ್ಲರೂ ಮಾವನನ್ನು ಸುತ್ತಿಕೊಂಡರು. ಚೇಟ "ಮಂಗ ಓಡಿಸುವ ಕೂಗು ಕಲಿತಾಯ್ತಾ?" ಎಂದರು. "ಕಲಿತೆ" ಎಂದು ಮಾವ ಅಲ್ಲೇ ಒಂದು ಕೂಗು ಹಾಕಿದರು. ಬಸ್ಸಿನ ಚಾಲಕ ಬೆಚ್ಚಿ ಬ್ರೇಕಿನ ಮೇಲೆ ಕಾಲಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು.

ನನ್ನ ಸೀಟು ಅವರ ಎದುರಿಗೇ. ಗದ್ದಲ ಇಳಿದ ಮೇಲೆ ಮಾವ ಅವರ ಕಡೆ ವಾಲಿದರು. ತಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಮೆಲ್ಲಗೆ ಮಾತಾಡಿಕೊಂಡರು. ನನಗೂ ಆ ಭಾಷೆ ಬರುತ್ತದೆಂದು ಮರೆತಿದ್ದರು.

"ಯಾಕೆ ಇಷ್ಟು ಹೆದರಿದ್ದಿ? ನೀರಿನ ಬದಿಗೆ ಬಂದೆನಲ್ಲ. ಅಲ್ಲೇ ಕೂತಿದ್ದೆ. ಕತ್ತಲಾದರೂ ಕೂತಿರ್ತಿದ್ದೆ. ನೀನು ಬಂದು ಕೂ ಹಾಕ್ತಿ ಅಂತ ನನಗೆ ಗೊತ್ತುಂಟಲ್ಲ."

ಅತ್ತೆ ಹೊರಗೆ ನೋಡುತ್ತಲೇ ಇದ್ದರು. ಬಸ್ಸು ಮತ್ತೆ ಅದೇ ದಾರಿಯಲ್ಲಿ ಹೋಗುತ್ತಿತ್ತು, ದೂರದಲ್ಲಿ ಗುಮ್ಮಟಕ್ಕೆ ದೀಪ ಹಾಕಿದ್ದರು.

"ನೀವು ಓಗೊಡ್ತೀರಿ ಅಂತ ನನಗೆ ಗೊತ್ತಿರ್ಲಿಲ್ಲ" ಎಂದರು.

ಮಾವ ಅವರ ಮಡಿಲಲ್ಲಿದ್ದ ಚೀಲವನ್ನು ತೆಗೆದು ತಮ್ಮ ಕಾಲ ಬಳಿ ಇಟ್ಟುಕೊಂಡರು. ಅತ್ತೆಯ ಕೈ ಹಿಡಿದುಕೊಂಡರು. ನಾನು ಎದ್ದು ಮೈಕು ತೆಗೆದುಕೊಂಡು "ಜೋಡಿ ಉಂಟಾ?" ಎಂದು ಕೇಳಿದೆ. ಎಲ್ಲರೂ ಹೇಳಿದ ಮೇಲೆ, ಕೊನೆಗೆ, ಅತ್ತೆಯೂ ಉಂಟು ಎಂದರು.